ದೇವರ ಜಗಲಿಯ ಮೇಲಿನ ಹ್ಯಾಂಡಲು

ನಮ್ಮ ಮನೆಯ ಫ್ರಿಜ್ಜು ಮೊಳಕಾಲ್ಮೂರಿನಿಂದ ಲಾರಿಯಲ್ಲಿ, ಹಳೇ ಹಾಸಿಗೆ ಸುತ್ತಿಸಿಕೊಂಡು ಬಂದದ್ದು. ಕೊಟ್ಟವಳು ಅವ್ವ. "ಚಳ್ಳಕೆರೆ ಬಿಸಿಲಿಗೆ ನನ್ನ ಮಗಳು ತಣ್ಣಗಿನ ಮಜ್ಜಿಗೆನಾದ್ರೂ ಕುಡೀಲಿ" ಅಂದಿದ್ದಳು. ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿ, ಒಳಗೆ ಮೊದಲು ನೈವೇದ್ಯದ ಹಾಲಿಟ್ಟು, ಬೀದಿಯವರಿಗೆಲ್ಲ ಐಸು ಹಾಕಿದ ಪಾನಕ ಕೊಟ್ಟಿದ್ದೆ. ಆವಾಗ ಕರೆಂಟು ಹೋದರೆ ಹಾಲು ಕೆಡುತ್ತದೆ ಅನ್ನುವುದಷ್ಟೇ ಚಿಂತೆ. ಹಾಲು ಕೆಟ್ಟರೆ ಒಡೆಯುತ್ತದೆ, ವಾಸನೆ ಬರುತ್ತದೆ, ಚೆಲ್ಲಿ ಕೈ ತೊಳೆದುಕೊಳ್ಳಬಹುದು. ಕೆಟ್ಟದ್ದು ತಾನು ಕೆಟ್ಟಿದ್ದೇನೆ ಅಂತ ಹೇಳುವುದೂ ಒಂದು ಉಪಕಾರವೇ ಅಂತ ನನಗೆ ಗೊತ್ತಾದದ್ದು ಆಮೇಲೆ.

ನಮ್ಮ ಮನೆಯವರಿಗೆ ಕಿಡ್ನಿ ಕೆಟ್ಟದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಶೇಂಗಾ ಒಡೆಯುವ ಮಿಷನ್ನು ಇಟ್ಟಿದ್ದರು, ಅವರ ಅಪ್ಪನ ಕಾಲದ್ದು. ತುಂಬಿದ ಮೂಟೆಯನ್ನು ದಿಂಬು ಎತ್ತಿದ ಹಾಗೆ ಎತ್ತಿ ಒಗೆಯುತ್ತಿದ್ದ ಮನುಷ್ಯ, ನೋಡನೋಡುತ್ತ ಮುಖ ಸುಣ್ಣದಂತಾಗಿ, ಕಾಲು ಊದಿ ಕೂತುಬಿಟ್ಟರು. ವಾರಕ್ಕೆರಡು ಸಲ ದಾವಣಗೆರೆಗೆ ಹೋಗಿ ಮಿಷನ್ನಿನಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ತೊಳೆದರೆ ಸಾಲದು, ಹೊಸ ರಕ್ತ ಊರಬೇಕಲ್ಲ, ಅದಕ್ಕೊಂದು ಇಂಜೆಕ್ಷನ್ನು. ಹೆಬ್ಬೆರಳಿನಷ್ಟು ಗಾಜಿನ ಸೀಸೆ, ಒಳಗೆ ನೀರಿನಂಥ ಔಷಧಿ. ಅದನ್ನು ಚರ್ಮದಡಿಗೆ ಹಾಕುವುದನ್ನು ನರ್ಸಮ್ಮ ನನಗೆ ಕಲಿಸಿದಳು. ಇಡುವುದು ಹೇಗೆ ಅಂತ ಡಾಕ್ಟರು ಹೇಳಿದರು.

"ಐಸಾಗಬಾರದು, ಬೆಚ್ಚಗೂ ಆಗಬಾರದು. ಫ್ರಿಜ್ಜಿನ ನಡು ಹಲಗೆ ಮೇಲೆ ಇಡ್ರಿ. ಮನೇಲಿ ಫ್ರಿಜ್ ಐತಾ?"

"ಐತ್ರಿ."

"ಕರೆಂಟು?"

"ಬರ್ತದೆ, ಹೋಗ್ತದ್ರಿ" ಅಂದೆ. ಆಮೇಲೆ ಕೇಳಿದೆ. "ಬೆಚ್ಚಗಾಗಿ ಕೆಟ್ರೆ ಗೊತ್ತಾಗ್ತದಾ ಸಾರ್?"

"ಗೊತ್ತಾಗಲ್ಲಮ್ಮ. ನೋಡಾಕೆ ಹಂಗೇ ಇರ್ತದೆ. ಕೆಲಸ ಮಾಡಲ್ಲ, ಅಷ್ಟೇ."

ಆವತ್ತಿನಿಂದ ನನ್ನ ಸಂಸಾರ ಅಂದರೆ ಆ ಫ್ರಿಜ್ಜಿಗೆ ಕರೆಂಟು ಹೊಂದಿಸುವುದೇ ಆಯಿತು. ಬೀದಿಯ ಕರೆಂಟಿನ ಕತೆ ಚಳ್ಳಕೆರೆಯವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಬಂದದ್ದು ಒಲೆಯ ಮೇಲಿನ ಅನ್ನ ಆಗುವಷ್ಟರಲ್ಲಿ ಹೋಗುತ್ತಿತ್ತು. ಬಂದಾಗಲೂ ಪೂರ್ತಿ ಬರುತ್ತಿರಲಿಲ್ಲ. ಸುತ್ತಲ ಹೊಲಗಳಲ್ಲಿ ಪಂಪ್‌ಸೆಟ್ಟು ಶುರುವಾದರೆ ನಮ್ಮ ಬಲ್ಬು ಕೆಂಡದ ಹಾಗೆ ಮಂಕಾಗಿ, ಸ್ಟೆಬಿಲೈಸರು ಟಿಕ್ ಟಿಕ್ ಅನ್ನುತ್ತ ಫ್ರಿಜ್ಜನ್ನು ಹಿಡಿದು ಬಿಡುವುದು, ಹಿಡಿದು ಬಿಡುವುದು ಮಾಡುತ್ತಿತ್ತು. ಕರೆಂಟು ಇಲ್ಲದಿರುವುದಕ್ಕಿಂತ ಅರ್ಧ ಇರುವುದು ಕಷ್ಟ. ಇಲ್ಲ ಅಂದರೆ ಬೇರೆ ದಾರಿ ನೋಡಬಹುದು.

ಬೇರೆ ದಾರಿ ಮಾಡಿಕೊಟ್ಟವರು ಎದುರಿನ ಗ್ಯಾರೇಜಿನ ಸಾಬರು, ಲಾರಿ ಮೆಕಾನಿಕ್ಕು, ಇವರ ಶಾಲೆಯ ಕಾಲದ ಗೆಳೆಯ. ಲಾರಿಯ ಬ್ಯಾಟರಿ ತಂದು ಇನ್ವರ್ಟರಿಗೆ ಜೋಡಿಸಿದರು.

"ಭಾಬಿ, ಈ ಬ್ಯಾಟ್ರಿ ಐತಲ್ಲ, ಇದು ಕೊಡ ಇದ್ದಂಗೆ. ನಲ್ಲಿ ಬಂದಾಗ ತುಂಬ್ಕೋಬೇಕು, ಇಲ್ದಾಗ ಬಳಸ್ಬೇಕು."

"ನಮ್ಮ ಬೀದಿ ನಲ್ಲಿ ಬರೋದು ನೀವೂ ನೋಡೀರಲ್ಲಣ್ಣ."

"ಅದಕ್ಕೇ ಮೊದಲೇ ಹೇಳ್ತಿದೀನಿ. ನಾಳೆ ಕೊಡ ಖಾಲಿ ಅಂತ ನನ್ನ ಬೈಬ್ಯಾಡ್ರಿ!"

ಕುರ್ಚಿಯಲ್ಲಿದ್ದ ಇವರು ನಕ್ಕರು. "ಲೇ ಸಾಬಾ, ಹಂಗೇ ನನ್ನ ಕಿಡ್ನಿಗೂ ಒಂದು ಬ್ಯಾಟ್ರಿ ಕಟ್ಟೋ."

"ಕಟ್ತೀನಿ ತಡಿಯೋ. ಹೊಸಾದು ನಿನಗ್ಯಾಕೆ ದಂಡ, ಗುಜರಿ ಲಾರಿದು ಒಂದು ಬಿಚ್ಚಿ ತರ್ತೀನಿ."

ಇನ್ವರ್ಟರು ಫ್ರಿಜ್ಜನ್ನು ಎಬ್ಬಿಸಬೇಕಾದರೆ ಮನೆಯಲ್ಲಿ ಒಂದು ಬಲ್ಬೂ ಉರಿಯಬಾರದು. ಫ್ಯಾನೂ ತಿರುಗಬಾರದು. ಒಮ್ಮೆ ಎದ್ದಿತೆಂದರೆ ಸ್ವಲ್ಪ ಹೊತ್ತು ಓಡುತ್ತದೆ, ಬ್ಯಾಟರಿ ಸೋತರೆ ಮಗು ಅತ್ತ ಹಾಗೆ ಪೀ ಅನ್ನುತ್ತದೆ. ಕರೆಂಟು ಬಂದ ಚೂರು ಹೊತ್ತಿನಲ್ಲಿ ಬ್ಯಾಟರಿಯೂ ತುಂಬಬೇಕು, ಫ್ರಿಜ್ಜೂ ತಣ್ಣಗಾಗಬೇಕು. ಮಂಕು ಕರೆಂಟಿನಲ್ಲಿ ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ. ಯಾವುದಕ್ಕೆ ಮೊದಲು ಕೊಡಲಿ ಅಂತ, ಒಂದೇ ರೊಟ್ಟಿಗೆ ಇಬ್ಬರು ಮಕ್ಕಳು ಕೈಚಾಚಿದ ಹಾಗೆ ಅನ್ನಿಸುತ್ತಿತ್ತು.

ಎಲ್ಲ ಕೈಕೊಟ್ಟಾಗ ಉಳಿದದ್ದು ಶೆಡ್ಡಿನ ಡೀಸೆಲ್ ಇಂಜಿನ್ನು. ಶೇಂಗಾ ಮಿಷನ್ನಿನ ಬೆಲ್ಟು ತೆಗೆದು ಒಂದು ಡೈನಮೋಗೆ ಹಾಕಿದರೆ ಮನೆಗೆ ಕರೆಂಟು. ಅದಕ್ಕಾಗಿ ಅಡುಗೆಮನೆಯ ಗೋಡೆಗೆ ಕಬ್ಬಿಣದ ಪೆಟ್ಟಿಗೆಯ ಸ್ವಿಚ್ಚು ಹೊಡೆದಿದ್ದರು. ಹಿಡಿ ಮೇಲಕ್ಕೆತ್ತಿದರೆ ಬೀದಿಯ ಕರೆಂಟು, ಕೆಳಕ್ಕೆಳೆದರೆ ಇಂಜಿನ್ನಿನದು, ನಡುವೆ ನಿಲ್ಲಿಸಿದರೆ ಯಾವುದೂ ಇಲ್ಲ.

ಇಂಜಿನ್ನು ಶುರುಮಾಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಗಟ್ಟಿ ಗಂಡಾಳಿನ ಹೊರತು. ಅದರ ತಲೆಯ ಮೇಲೊಂದು ಲಿವರ್ ಇರುತ್ತದೆ. ಅದನ್ನು ಎತ್ತಿ ಹಿಡಿದರೆ ಚಕ್ರ ಹಗುರಾಗುತ್ತದೆ. ಆಗ ಹ್ಯಾಂಡಲು ಸಿಕ್ಕಿಸಿ ಜೋರಾಗಿ ತಿರುಗಿಸಬೇಕು, ವೇಗ ಬಂದ ಹೊತ್ತಿಗೆ ಸರಿಯಾಗಿ ಲಿವರ್ ಬಿಡಬೇಕು. ಮುಂಚೆ ಬಿಟ್ಟರೆ ಹ್ಯಾಂಡಲು ಹಿಂದಕ್ಕೆ ಒದ್ದು ಕೈ ಮುರಿಯುತ್ತದೆ, ತಡವಾದರೆ ತಿರುಗಿಸುವವರ ಉಸಿರು ಮುಗಿದಿರುತ್ತದೆ. ಇವರು ಗಟ್ಟಿಯಿದ್ದಾಗ ಎಡಗೈಯಲ್ಲಿ ಲಿವರ್, ಬಲಗೈಯಲ್ಲಿ ಹ್ಯಾಂಡಲು ಹಿಡಿದು, ಬಾಯಲ್ಲಿ ಬೀಡಿ ಇಟ್ಟುಕೊಂಡೇ ಶುರುಮಾಡುತ್ತಿದ್ದರು. ಈಗ ಹ್ಯಾಂಡಲು ನನ್ನ ಕೈಗೆ ಬಂತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಾನು ತಿರುಗಿಸುವುದು, ಸ್ಟೂಲಿನ ಮೇಲೆ ಕೂತು ಅವರು ಲಿವರ್ ಹಿಡಿಯುವುದು.

"ಜೋರು ಜೋರು… ಇನ್ನೂ… ರಾಗಿ ಬೀಸ್ತಿದೀಯೇನೇ? ಜೋರಾಗಿ!"

"ನೀವು ಬಿಡ್ರಿ ಮೊದ್ಲು!"

ಟಪ್ ಅಂತ ಬಿಡುತ್ತಿದ್ದರು. ಇಂಜಿನ್ನು ಡುಗ್ ಡುಗ್ ಅನ್ನುತ್ತಿತ್ತು. ಮದುವೆಯಾಗಿ ಅಷ್ಟು ವರ್ಷದಲ್ಲಿ ನಾವಿಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ ಅನ್ನಿಸುತ್ತದೆ. ಇಂಜಿನ್ನನ್ನು ತಣ್ಣಗಿಡಲು ಹರಿಸುವ ನೀರು ಡ್ರಮ್ಮಿಗೆ ಬಿಸಿಯಾಗಿ ಬೀಳುತ್ತದೆ, ಆ ನೀರಿನಲ್ಲಿ ಅವರ ಊದಿದ ಕಾಲು ತೊಳೆಯುತ್ತಿದ್ದೆ. ಸೌದೆ ಉಳಿಯಿತು. ಶಿವ ಅಷ್ಟಾದರೂ ಕೊಟ್ಟನಲ್ಲ ಅಂದುಕೊಳ್ಳುತ್ತಿದ್ದೆ.

ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಕಣ್ಣು ಲಿಂಗದ ಮೇಲೆ, ಕಿವಿ ಅಡುಗೆಮನೆಯ ಕಡೆ. ಫ್ರಿಜ್ಜು ಗುಂಯ್ ಅನ್ನುತ್ತಿದ್ದರೆ ಮನಸ್ಸು ನಿಲ್ಲುತ್ತಿತ್ತು. ಪೂಜೆಯ ನಡುವೆ ಅದು ಸುಮ್ಮನಾದರೆ ಲಿಂಗವನ್ನು ಕೊರಳ ಬೆಳ್ಳಿ ಕರಡಿಗೆಯೊಳಗಿಟ್ಟು ಎದ್ದು ಓಡುತ್ತಿದ್ದೆ. ಶಿವನೂ ಸಂಸಾರಸ್ಥ, ಅರ್ಥ ಮಾಡಿಕೊಳ್ಳುತ್ತಾನೆ.

ಇಷ್ಟು ಮಾಡಿದರೂ ಇವರ ರಕ್ತ ಏರಲಿಲ್ಲ. ಒಂದು ತಿಂಗಳು ಚೂರು ಏರಿದರೆ ಮುಂದಿನ ತಿಂಗಳು ಅದಕ್ಕಿಂತ ಕೆಳಗೆ. ಡಾಕ್ಟರು ನನ್ನ ಮುಖ ನೋಡದೆ ರಿಪೋರ್ಟು ನೋಡಿಯೇ ಮಾತಾಡುವುದನ್ನು ಶುರುಮಾಡಿದ್ದರು. ಆ ವರ್ಷದ ದಸರೆಗೆ ಮುಂಚೆ ಇಂಜೆಕ್ಷನ್ನಿನ ಅಳತೆ ಹೆಚ್ಚಿಸಿ ಹೇಳಿದರು, "ಈ ಸಲದ್ದು ತಪ್ಪದೆ ಕೊಡ್ರಿ. ಇದಕ್ಕೂ ಏರದಿದ್ರೆ ನಮ್ಮ ಕೈಲಿ ಬೇರೇನಿಲ್ಲಮ್ಮ." ಅಷ್ಟೂ ಸೀಸೆಗಳನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಪಕ್ಕದ ಸೀಟಿನವಳು ಕೇಳಿದಳು, "ಕಾಫಿನಾ ಅಕ್ಕಾ?" ಹೂಂ ಅಂದೆ.

ಹಬ್ಬಕ್ಕೆ ಅಂತ ಅವ್ವ ಮೊಳಕಾಲ್ಮೂರಿನಿಂದ ಬಂದಳು. ಅಳಿಯನ ಮುಖ ನೋಡಿ "ಅಯ್ಯೋ ದೇವುಡಾ" ಅಂದವಳು, ಆಮೇಲೆ ಅವರ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬದಲಿಗೆ ಕೆಲಸಕ್ಕೆ ನಿಂತಳು.

ಆಯುಧಪೂಜೆ ನಮ್ಮ ಮನೆಯಲ್ಲಿ ಇಂಜಿನ್ನಿನ ಹಬ್ಬ. ಇವರ ಅಪ್ಪನ ಕಾಲದಿಂದ ನಡೆದುಬಂದ ರೀತಿ ಒಂದಿತ್ತು. ಬೆಳಿಗ್ಗೆ ಇಂಜಿನ್ನು ತೊಳೆದು, ಎಣ್ಣೆ ಒರೆಸಿ, ವಿಭೂತಿ ಬಳಿದು, ಚೆಂಡುಹೂವು ಹಾಕಿ, ಬೂದುಗುಂಬಳ ಒಡೆಯುವುದು. ಆಮೇಲೆ ಅದರ ಹ್ಯಾಂಡಲನ್ನು ಬಿಚ್ಚಿ ದೇವರ ಜಗಲಿಯ ಮೇಲೆ ಇಡುವುದು. ಮಾರನೇ ದಿನ ಬನ್ನಿ ಮುಡಿದು ಬಂದು ಮರುಪೂಜೆ ಮಾಡುವ ತನಕ ಹ್ಯಾಂಡಲು ಮುಟ್ಟುವ ಹಾಗಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನದ ವಿಶ್ರಾಂತಿ. ಆ ದಿನ ಊರಿನ ಎಣ್ಣೆ ಮಿಲ್ಲುಗಳೂ ಸದ್ದಿಲ್ಲದೆ ಕೂತಿರುತ್ತವೆ.

ಇವರು ಸ್ಟೂಲಿನ ಮೇಲೆ ಕೂತೇ ಪೂಜೆ ಮಾಡಿದರು. ಬ್ಯಾಟರಿಯನ್ನೂ ಪೂಜೆಗೆ ಅಂತ ವೈರು ಬಿಚ್ಚಿ ಒರೆಸಿ, ಮೂರು ಬೆರಳಿನ ವಿಭೂತಿ ಎಳೆದರು. ಅದು ಹಿಂದಿನ ದಿನವೇ ಪೀ ಅಂದು ಸೋತಿತ್ತು, ತುಂಬಿಸಲು ಕರೆಂಟು ನಿಂತಿರಲಿಲ್ಲ. ಆದರೆ ಆವತ್ತು ಬೆಳಿಗ್ಗೆಯಿಂದ ಬೀದಿಯ ಕರೆಂಟು ಇತ್ತು, ಒಳ್ಳೆಯ ಕರೆಂಟು. ಹಬ್ಬಕ್ಕೆ ಶಿವ ಕಣ್ಣು ಬಿಟ್ಟ ಅಂತ ನಾನು ಹೋಳಿಗೆಗೆ ಕೂತೆ. ಶೆಡ್ಡಿಗೆ ಹೊಂದಿದ ಹಿತ್ತಲಲ್ಲಿ ಒಲೆ ಹೂಡಿದ್ದೆವು. ಫ್ರಿಜ್ಜಿನ ಸದ್ದು ಅಲ್ಲಿಗೆ ಕೇಳುವುದಿಲ್ಲ. ಕರೆಂಟು ಇದೆ ಅನ್ನುವ ಧೈರ್ಯದಲ್ಲಿ ನಾನು ಕಿವಿಯನ್ನು ಅತ್ತ ಇಟ್ಟಿರಲೂ ಇಲ್ಲ.

ಮಧ್ಯಾಹ್ನ ನೈವೇದ್ಯದ ಹಾಲು ತೆಗೆಯಲು ಒಳಗೆ ಹೋದೆ. ಫ್ರಿಜ್ಜು ಮದುವಣಗಿತ್ತಿಯ ಹಾಗೆ ನಿಂತಿತ್ತು. ಹಣೆಗೆ ವಿಭೂತಿ, ಕುಂಕುಮ, ಹಿಡಿಕೆಗೆ ಚೆಂಡುಹೂವಿನ ಹಾರ, ಮುಂದೆ ಎರಡು ನಿಂಬೆಹಣ್ಣು. ಸದ್ದಿಲ್ಲ. ಬಾಗಿಲು ತೆಗೆದರೆ ಒಳಗೆ ದೀಪವಿಲ್ಲ. ಕೈ ಹಾಕಿದರೆ ಕೋಣೆಯ ಗಾಳಿಯೇ ಒಳಗೂ. ಪ್ಲಗ್ಗು ಬಿಚ್ಚಿ, ವೈರನ್ನು ಅಂದವಾಗಿ ಸುತ್ತಿ, ಅದಕ್ಕೂ ಒಂದು ಹೂವು ಸಿಕ್ಕಿಸಿ ಮೇಲೆ ಇಟ್ಟಿದ್ದರು.

"ಅವ್ವಾ!"

ಅವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. ಮುಖದಲ್ಲಿ ಸಂತೋಷವಿತ್ತು. "ಚಂದ ಆಗೈತಲ್ಲವಾ? ನೀವು ಹಿತ್ತಲಾಗೆ ಇದ್ರಿ, ಬೆಳಿಗ್ಗೇನೇ ಬಾಗಿಲು ತೆಗೆದಿಟ್ಟು ಒಳಗೆಲ್ಲ ಒರೆಸಿ ನಾನೇ ಮಾಡ್ದೆ. ನಮ್ಮನಿ ಮಗ್ಗಕ್ಕೆ ಮಾಡಂಗೇ ಮಾಡೀನಿ. ಪಾಪ, ಹಗಲೂ ರಾತ್ರಿ ಗುಂಯ್ ಅಂತ ದುಡೀತದೆ, ಇವತ್ತೊಂದಿನ ಸುಮ್ಮನಿರ್ಲಿ ಅಂತ…"

ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. "ಯಾಕವಾ? ಹಾಲು ಕೆಡ್ತಾ?"

ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವಳು. ವಿಭೂತಿ ಹಚ್ಚಿಸಿಕೊಂಡ ಮಗ್ಗ ಆ ದಿನ ಒಂದು ಎಳೆ ನೇಯಬಾರದು, ನೇಯ್ದರೆ ಅದನ್ನು ದುಡಿಸಿಕೊಂಡ ಪಾಪ ಮನೆಗೆ ಬರುತ್ತದೆ ಅನ್ನುವುದು ಅವಳ ರಕ್ತದಲ್ಲೇ ಇತ್ತು. ಅವಳಿಗೆ ಫ್ರಿಜ್ಜು ಅಂದರೆ ತಾನು ಮಗಳಿಗೆ ಕೊಟ್ಟ ದುಡಿಯುವ ಜೀವ. ಒಳಗಿರುವುದು ಅಳಿಯನ ರಕ್ತ ಅಂತ ಅವಳಿಗೆ ಯಾರು ಹೇಳಿದ್ದರು?

ಹೂವು ಕಿತ್ತು ಪ್ಲಗ್ಗು ಚುಚ್ಚಿದೆ. ಗುಂಯ್ ಅಂದಿತು. ಶಿವಾ ಅಂದೆ. ಹೊರಗೆ ಬೀದಿಯ ತುದಿಯಲ್ಲಿ ಢಂ ಅಂತ ಸದ್ದಾಯಿತು. ಟ್ರಾನ್ಸ್‌ಫಾರ್ಮರು. ಫ್ರಿಜ್ಜು ನಿಂತಿತು. ಇಡೀ ಬೀದಿ ನಿಂತಿತು.

ಲೈನ್‌ಮ್ಯಾನು ಬೆಳಿಗ್ಗೆಯೇ ಪೂಜೆ ಮುಗಿಸಿ ಊರಿಗೆ ಹೋಗಿದ್ದನಂತೆ. ಬ್ಯಾಟರಿ ಖಾಲಿ. ಎದುರಿನ ಸಾಬರು ಕೆಲಸ ಬರದ ದಿನ ಅಂತ ಬಾಗಿಲು ಹಾಕಿ ಬಳ್ಳಾರಿಯ ಮಗಳ ಮನೆಗೆ ಹೋಗಿದ್ದರು. ಐಸು ಮಾರುವವನ ಅಂಗಡಿಗೆ ಬಾಳೆಕಂದು ಕಟ್ಟಿ ಬೀಗ ಹಾಕಿತ್ತು. ಬಿಸಿಲಲ್ಲಿ ಅಷ್ಟು ದೂರ ಹೋಗಿ ಬಂದು ಜಗಲಿಯ ಮುಂದೆ ನಿಂತೆ. ಹ್ಯಾಂಡಲು ಅಲ್ಲಿತ್ತು, ಕುಂಕುಮ ಹಚ್ಚಿಸಿಕೊಂಡು, ದೀಪದ ಪಕ್ಕ ಮಲಗಿದ ಹಾಗೆ.

"ರೀ, ಇಂಜಿನ್ ಶುರುಮಾಡೋಣ ಬರ್ರಿ."

ಇವರು ಒಳಗಿನಿಂದ ಎದ್ದು ಬಂದರು. ಸೀಸೆಗಳ ವಿಷಯ ನನ್ನಿಂದ ತಿಳಿದ ಅವ್ವ ನಡೆದದ್ದೆಲ್ಲ ಅವರಿಗೆ ಹೇಳಿದ್ದಳು. "ಇವತ್ತು ಬ್ಯಾಡ."

"ಔಷಧಿ ಕೆಡ್ತಾವೆ."

"ಕೆಟ್ಟಿರ್ತಾವೆ ಆಗಲೇ. ಅಪ್ಪ ಇದ್ದಾಗಿನಿಂದ ಇವತ್ತು ಅದನ್ನ ಎಬ್ಬಿಸಿಲ್ಲ. ನನ್ನ ಸಲುವಾಗಿ ಎಬ್ಬಿಸ್ಬ್ಯಾಡ."

"ನಿಮಗ್ಯಾವಾಗಿಂದ ಇಷ್ಟು ಭಕ್ತಿ? ಸೋಮವಾರ ಗುಡಿಗೆ ಬರ್ರಿ ಅಂದ್ರೆ ಬೀಡಿ ಹಚ್ತಿದ್ರಿ."

ಅವರು ನಗಲಿಲ್ಲ. "ಭಕ್ತಿ ಅಲ್ಲ ಕಣೇ. ವಾರಕ್ಕೆರಡು ಸಲ ನನ್ನ ಮಿಷನ್ನಿಗೆ ಕಟ್ತಾರೆ. ಅದಕ್ಕೂ ರೆಸ್ಟಿಲ್ಲ, ನನಗೂ ಇಲ್ಲ, ನಿನಗೂ ಇಲ್ಲ. ಅದೊಂದಾದ್ರೂ ಮಲಕ್ಕೊಂಡಿರ್ಲಿ ಬಿಡು."

ನಾನು ಹ್ಯಾಂಡಲು ಎತ್ತಿಕೊಂಡೆ. ತಪ್ಪು ಮಾಡುತ್ತಿದ್ದೇನೆ ಅಂತ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. ಶಿವನಿಗೆ ಬಾಯಿಬಿಟ್ಟೇ ಹೇಳಿದೆ: ನಾಳೆ ನಿನ್ನ ಹತ್ರಾನೇ ತಂದು ಇಡ್ತೀನಿ, ಈಗ ಕೊಡು. ಅವ್ವ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಆದರೆ ಬೇಡ ಅನ್ನಲಿಲ್ಲ.

ಶೆಡ್ಡಿನಲ್ಲಿ ಒಬ್ಬಳೇ ನಿಂತು ಹ್ಯಾಂಡಲು ಸಿಕ್ಕಿಸಿದೆ. ಒಂದು ಕೈಯಲ್ಲಿ ತಿರುಗಿಸಲು ಹೋದರೆ ಚಕ್ರ ಅರ್ಧ ಸುತ್ತಿಗೆ ನಿಂತಿತು. ಆಮೇಲೆ ಹಿಂದೆ ಸ್ಟೂಲು ಎಳೆದ ಸದ್ದು. ಇವರು ಬಂದು ಕೂತು, ಹೂವಿನ ಹಾರ ಸರಿಸಿ ಲಿವರ್ ಹಿಡಿದರು.

"ಹೂಂ, ತಿರುಗ್ಸು."

ತಿರುಗಿಸಿದೆ. ವೇಗ ಬಂತು. ಲಿವರ್ ಬೀಳಲಿಲ್ಲ. ತಿರುಗಿಸಿದೆ, ತೋಳು ಕಿತ್ತು ಬರುವ ಹಾಗಾಯಿತು. "ಬಿಡ್ರೀ!" ಅಂದೆ. ಬಿಟ್ಟರು, ಆದರೆ ನನ್ನ ವೇಗ ಮುಗಿದ ಮೇಲೆ. ಇಂಜಿನ್ನು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ಮಾಡಿದೆವು. ಈ ಸಲ ಕೈ ಜಾರಿ ಮುಂಚೆಯೇ ಬಿದ್ದು, ಹ್ಯಾಂಡಲು ಹಿಂದಕ್ಕೆ ಒದ್ದು ನನ್ನ ಮಣಿಕಟ್ಟಿಗೆ ಬಡಿಯಿತು. ಬಳೆ ಚೂರಾದವು. ಮೂಳೆ ಉಳಿಯಿತು, ಅದು ಆ ದಿನದ ಪುಣ್ಯ. ಇವರು ನನ್ನ ಕೈ ಹಿಡಿದು ನೋಡಿದರು. ಅವರ ಬೆರಳು ಅದುರುತ್ತಿದ್ದವು. ಆಗ ನನಗೆ ಗೊತ್ತಾಯಿತು. ಅವರು ಬೇಡ ಅಂದದ್ದು ಅಪ್ಪನ ರೀತಿಗೂ ಅಲ್ಲ, ಇಂಜಿನ್ನಿನ ಮೇಲಿನ ಕನಿಕರಕ್ಕೂ ಅಲ್ಲ. ಲಿವರ್ ಹಿಡಿಯುವಷ್ಟು ಶಕ್ತಿಯೂ ಕೈಯಲ್ಲಿ ಉಳಿದಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು. ನನಗೆ ಗೊತ್ತಾಗದಿರಲಿ ಅಂತ ಹಬ್ಬದ ನೆಪ ಹೇಳಿದ್ದರು.

"ಇನ್ನೊಂದು ಸಲ ನೋಡೋಣೇನು?" ಅಂದರು.

"ಬ್ಯಾಡ ಬಿಡ್ರಿ. ಹಬ್ಬ. ಮಲಕ್ಕೊಂಡಿರ್ಲಿ" ಅಂದೆ.

ಅಷ್ಟರಲ್ಲಿ ಅವ್ವ ಸೀಸೆಗಳನ್ನು ಒಂದು ಲೋಟಕ್ಕೆ ಹಾಕಿ, ಲೋಟದ ಬಾಯಿಗೆ ಬಟ್ಟೆ ಕಟ್ಟಿ, ಒದ್ದೆ ಮರಳಿನ ಮೇಲಿದ್ದ ಕುಡಿಯುವ ನೀರಿನ ಮಡಕೆಯೊಳಗೆ ಇಳಿಬಿಟ್ಟಿದ್ದಳು. ಮಾರನೇ ದಿನ ಸಂಜೆ ಸಾಬರು ಬಂದು ಇಂಜಿನ್ನು ಶುರುಮಾಡುವ ತನಕ ಅವಳು ಮಡಕೆಯ ಪಕ್ಕದಿಂದ ಏಳಲಿಲ್ಲ. ಬೀಸಣಿಗೆ ಬೀಸುತ್ತ, ಮರಳಿಗೆ ನೀರು ಚಿಮುಕಿಸುತ್ತ ಕೂತಿದ್ದಳು. ಬನ್ನಿ ಕೊಡಲು ಬಂದವರು "ಏನಮ್ಮ, ಮಡಕೆಗೆ ಗಾಳಿ ಹಾಕ್ತೀರಾ?" ಅಂತ ನಗಾಡಿದರು. "ಹೂಂನಪ್ಪ, ಅದಕ್ಕೆ ಸೆಕೆ" ಅಂದಳು ಅವ್ವ.

ಮಡಕೆಯ ತಂಪು ಸಾಕಾಯಿತೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ. ಮಡಕೆಗೆ ಹೋಗುವ ಮುಂಚೆಯೇ ಅವು ಸತ್ತಿದ್ದವೋ ಏನೋ. ಬೆಳಕಿಗೆ ಹಿಡಿದು ನೋಡಿದೆ, ಅಲುಗಿಸಿ ನೋಡಿದೆ. ಹೊಸದು ತರೋಣ ಅಂದರೆ ಇವರು ಒಪ್ಪಲಿಲ್ಲ. "ಚೆಲ್ಲಬ್ಯಾಡ, ಹಾಕು. ನಿಮ್ಮವ್ವ ಮಡಕೆ ಕಾದಿದ್ದು ದಂಡ ಆಗಬಾರ್ದು" ಅಂದರು. ಪ್ರತಿ ಸಲ ಸೂಜಿ ಚುಚ್ಚುವಾಗ ಔಷಧಿಯಾಗಿರಲಿ ಶಿವಾ ಅನ್ನುತ್ತಿದ್ದೆ. ಅವರು "ಏನೇ, ನೀರಾ ಔಷಧಿನಾ ಇವತ್ತು?" ಅಂತ ಕೇಳುತ್ತಿದ್ದರು. "ತೀರ್ಥ" ಅನ್ನುತ್ತಿದ್ದೆ.

ರಕ್ತ ಏರಲಿಲ್ಲ. ನಡೆದದ್ದನ್ನು ಹೇಳಿದಾಗ ಡಾಕ್ಟರು ಅಂದರು, "ಅದರಿಂದಲೇ ಅಂತ ಹೇಳಾಕೆ ಆಗಲ್ಲಮ್ಮ. ತಣ್ಣಗಿದ್ರೂ ಹಿಂಗೇ ಆಗ್ತಿತ್ತೋ ಏನೋ." ಆ ಮಾತನ್ನು ನಾನು ಅವ್ವನಿಗೆ ಎಷ್ಟು ಸಲ ಹೇಳಿದರೂ, "ಏನೋ ಅಂದ್ರಂತಲ್ಲ, ಹಿಂಗೇ ಅಂತ ಅನ್ಲಿಲ್ವಲ್ಲ" ಅನ್ನುತ್ತಿದ್ದಳು. ಕೊನೆಗೆ ಹೇಳುವುದನ್ನು ಬಿಟ್ಟೆ.

ಆಮೇಲೆ ಡಾಕ್ಟರು ಮತ್ತೆ ಕೆಲವು ಸೀಸೆ ಕೊಟ್ಟರು, ಕೇಳಿದೆನೆಂದು ಕೊಟ್ಟದ್ದು. ಅವು ಒಂದು ಗಳಿಗೆಯೂ ಬೆಚ್ಚಗಾಗಲಿಲ್ಲ. ಸಾಬರು ಕೆಲಸ ಬಿಟ್ಟು ಬಂದು ಇಂಜಿನ್ನು ತಿರುಗಿಸುತ್ತಿದ್ದರು. ಯುಗಾದಿಗೆ ಮುಂಚೆ ಇವರು ಹೋದರು. ಹಗಲು ಹೊತ್ತಿನಲ್ಲಿ, ಮನೆಯಲ್ಲೇ, ನಾನು ಕೊಟ್ಟ ಎರಡು ಚಮಚ ಮಜ್ಜಿಗೆ ಕುಡಿದು. ತಣ್ಣಗಿತ್ತು ಮಜ್ಜಿಗೆ. ಫ್ರಿಜ್ಜು ಕೊಡುವಾಗ ಅವ್ವ ಅಂದ ಮಾತು ಅಷ್ಟಾದರೂ ನಡೆಯಿತು ಅಂತ ಎಣಿಸಿಕೊಂಡಿದ್ದೇನೆ.

ಒಂದು ಸೀಸೆ ಉಳಿಯಿತು.

ಎಲ್ಲ ಕಾರ್ಯ ಮುಗಿದು ನೆಂಟರು ಹೋದ ಮೇಲೂ ನಾನು ಫ್ರಿಜ್ಜು ನಿಲ್ಲಲು ಬಿಡಲಿಲ್ಲ. ಕರೆಂಟು ಹೋದರೆ ಇನ್ವರ್ಟರು, ಅದೂ ಸೋತರೆ ಎದುರಿನ ಗ್ಯಾರೇಜಿಗೆ ಹೋಗಿ ನಿಲ್ಲುತ್ತಿದ್ದೆ. ಸಾಬರು ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ಬಂದು ಹ್ಯಾಂಡಲು ತಿರುಗಿಸಿ, ಇವರ ಸ್ಟೂಲನ್ನು ಕಾಲಿಗೆ ಅಡ್ಡವಾಗದ ಹಾಗೆ ಮೆಲ್ಲಗೆ ಸರಿಸಿ ಹೋಗುತ್ತಿದ್ದರು. ಅವ್ವ ಮಾತ್ರ ಕೇಳಿದಳು, "ಯಾರಿಗವಾ ಈಗ ಅದು?" ನಾನು ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯಾ ಅಂತ ಒತ್ತಿ ನೋಡಿದೆ.

ಬೇಸಿಗೆಯ ಒಂದು ಬೆಳಿಗ್ಗೆ ಲಿಂಗಪೂಜೆಗೆ ಕೂತಿದ್ದೆ. ಫ್ರಿಜ್ಜು ಸುಮ್ಮನಾಯಿತು. ಲಿಂಗ ಕರಡಿಗೆಗಿಟ್ಟು ಅಭ್ಯಾಸಕ್ಕೆ ಎದ್ದೆ. ಇನ್ವರ್ಟರು ಪೀ ಅಂದಿತು. ಗೋಡೆಯ ಸ್ವಿಚ್ಚಿನ ಹಿಡಿಗೆ ಕೈ ಹಾಕಿ, ಇಂಜಿನ್ನಿಗೆ ಅಂತ ಕೆಳಕ್ಕೆಳೆಯಲು ಹೊರಟೆ. ಶೆಡ್ಡಿನ ತೆರೆದ ಬಾಗಿಲಲ್ಲಿ ಇವರ ಸ್ಟೂಲು ಕಾಣುತ್ತಿತ್ತು. ಹಿಡಿಯನ್ನು ನಡುವಿಗೆ ತಂದು ನಿಲ್ಲಿಸಿದೆ. ಹೋಗಿ ಮತ್ತೆ ಲಿಂಗ ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಆ ಮನೆಯಲ್ಲಿ ಅಷ್ಟು ಸದ್ದಿಲ್ಲದ ಪೂಜೆ ನಾನು ಎಂದೂ ಮಾಡಿರಲಿಲ್ಲ. ಕೇಳಿಕೊಳ್ಳಲು ಏನೂ ನೆನಪಾಗಲಿಲ್ಲ.

ಮಾರನೇ ದಿನ ಫ್ರಿಜ್ಜಿನ ಬಾಗಿಲು ತೆಗೆದು, ಬೆಚ್ಚಗಾಗಿದ್ದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಾಗೇ ಇತ್ತು, ನೀರಿನ ಹಾಗೆ.